ಕೆಂಪು ದಾರಿಯ ಕಥೆ

ನಮ್ಮ ಮನೆಯ ಮಹಡಿ ಮೆಟ್ಟಿಲ ಕೆಳಗೆ ಒಂದು ಸೈಕಲ್ ನಿಂತಿದೆ. ಮೊಮ್ಮಗಳದು. ಹೋದ ವರ್ಷ ಅವಳ ಹುಟ್ಟುಹಬ್ಬಕ್ಕೆ ನನ್ನ ಮಗನೇ ತಂದುಕೊಟ್ಟದ್ದು. ಮೊದಲ ತಿಂಗಳು ಬಡಾವಣೆಯ ಪಾರ್ಕನ್ನು ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಹುಡುಗಿಗೆ ಬೇಸರ ಬಂತು. ಈಗ ಅದರ ಹ್ಯಾಂಡಲ್ಲಿಗೆ ಈರುಳ್ಳಿ ಚೀಲ ನೇತುಬಿದ್ದಿದೆ, ಸೀಟಿನ ಮೇಲೆ ಒಗೆದ ಕಾಲೊರಸು ಒಣಗುತ್ತದೆ.

ಅವಳು ಟ್ಯೂಷನ್ನಿಗೆ ಹೋಗುವ ಮನೆ ನಮ್ಮಿಂದ ಒಂದೂವರೆ ಕಿಲೋಮೀಟರ್. ಸೈಕಲ್ಲಿನಲ್ಲಿ ಏಳೆಂಟು ನಿಮಿಷದ ದಾರಿ. ಆದರೆ ನಡುವೆ ಒಂದು ದೊಡ್ಡ ಸರ್ಕಲ್ ದಾಟಬೇಕು. ಅಲ್ಲಿ ಬಸ್ಸು, ಟಿಪ್ಪರ್, ಆಟೊ, ಎಡಗಡೆಯಿಂದಲೇ ನುಗ್ಗುವ ಸ್ಕೂಟರು. "ಬೇಡಮ್ಮ, ಅಪ್ಪ ಕಾರಿನಲ್ಲಿ ಬಿಡ್ತಾನೆ" ಎಂದು ಹೇಳಿದವಳು ನಾನೇ. ಕಾರಿನಲ್ಲಿ ಹೋಗಲು ಇಪ್ಪತ್ತು ನಿಮಿಷ ಬೇಕು. ಒಂದು ಸಂಜೆ ನಾನೂ ಜೊತೆಗೆ ಹೋಗಿದ್ದೆ. ಸರ್ಕಲ್ಲಿನಲ್ಲಿ ಸಿಕ್ಕಿಕೊಂಡು ಕೂತಾಗ ಅಕ್ಕಪಕ್ಕದ ಕಾರುಗಳನ್ನು ನೋಡಿದೆ. ಒಂದೊಂದರಲ್ಲೂ ಒಬ್ಬ ತಂದೆ ಅಥವಾ ತಾಯಿ, ಹಿಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡ ಒಂದು ಮಗು. ಎಲ್ಲರೂ ರಸ್ತೆಯ ಕಾರುಗಳಿಗೆ ಹೆದರಿ ಮಕ್ಕಳನ್ನು ಕಾರಿನಲ್ಲಿ ತಂದವರು. ನಾವು ಹೆದರುತ್ತಿದ್ದದ್ದು ಒಬ್ಬರಿಗೊಬ್ಬರು! ಈ ಗಂಟು ಎಲ್ಲಿ ಬಿತ್ತು, ಎಲ್ಲಿ ಬಿಚ್ಚಬೇಕು ಎಂದು ನಾನು ಯೋಚಿಸತೊಡಗಿದ್ದು ಆ ಸಂಜೆ.

"ಅಜ್ಜಿ, ನೀನು ಸೈಕಲ್ ಹೊಡೀತಿದ್ದೆ ಅಂತ ಯಾವಾಗ್ಲೂ ಹೇಳ್ತೀಯ. ನಾನ್ಯಾಕೆ ಹೊಡೀಬಾರದು?" ಎಂದು ಹುಡುಗಿ ಕೇಳಿದಳು. ಉತ್ತರ ಹೊಳೆಯಲಿಲ್ಲ.

ಹೊಡೆಯುತ್ತಿದ್ದದ್ದು ನಿಜ. ಅರವತ್ತರ ದಶಕದ ಹಾಸನ. ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಸೈಕಲ್ ಅಂಗಡಿಯಿತ್ತು. ಗಂಟೆಗೆ ಹನ್ನೆರಡು ಪೈಸೆ. ನಮ್ಮ ಬಾಯಲ್ಲಿ ಅದಿನ್ನೂ ಎರಡಾಣೆಯೇ. ಅಣ್ಣ ತಂದ ಸೈಕಲ್ಲಿನಲ್ಲಿ, ಸೀಟಿಗೆ ಕಾಲು ಎಟುಕದೆ, ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಾ ಕಲಿತೆ. ಮೊಣಕಾಲಿನ ಗಾಯದ ಗುರುತು ಈಗಲೂ ಇದೆ. ಆ ಕಾಲದಲ್ಲಿ ಸೈಕಲ್ಲಿಗೂ ಪುರಸಭೆಗೆ ತೆರಿಗೆ ಕಟ್ಟಬೇಕಿತ್ತು. ಕಟ್ಟಿದ್ದಕ್ಕೆ ಒಂದು ಸಣ್ಣ ತಗಡಿನ ಬಿಲ್ಲೆ. ಬಿಲ್ಲೆ ಇಲ್ಲದಿದ್ದರೆ, ರಾತ್ರಿ ದೀಪವಿಲ್ಲದಿದ್ದರೆ, ಇಬ್ಬರು ಕೂತು ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಗಾಳಿ ಬಿಟ್ಟು ಕಳಿಸುತ್ತಿದ್ದದ್ದೂ ಉಂಟು. ಒಟ್ಟಿನಲ್ಲಿ ರಸ್ತೆಯ ಮೇಲೆ ಸೈಕಲ್ಲಿಗೆ ಒಂದು ಮರ್ಯಾದೆಯಿತ್ತು; ದಂಡ ಹಾಕುವಷ್ಟಾದರೂ ಮರ್ಯಾದೆ!

ನನಗೆ ಹದಿಮೂರು ತುಂಬಿ ಲಂಗ-ದಾವಣಿ ಬಂದ ಮೇಲೆ ಅಪ್ಪ ಸೈಕಲ್ ಬಿಡಿಸಿದರು. "ನೋಡಿದವರು ಏನಂದಾರು?" ಎಂಬುದೊಂದೇ ಕಾರಣ. ಆ ಅಪ್ಪನನ್ನು ನಾನು ಮನಸ್ಸಿನಲ್ಲೇ ಎಷ್ಟೋ ವರ್ಷ ದೂರಿದ್ದೇನೆ. ಈಗ ಅದೇ ಹದಿಮೂರರ ಹುಡುಗಿಗೆ ನಾನೂ ಬೇಡವೆಂದಿದ್ದೇನೆ. ಅವರದು ಜನದ ಬಾಯಿಗೆ ಹೆದರಿಕೆ, ನನ್ನದು ಗಾಡಿಯ ಚಕ್ರಕ್ಕೆ ಹೆದರಿಕೆ. ಹುಡುಗಿ ಮನೆಯಲ್ಲೇ ಉಳಿದದ್ದು ಎರಡು ಸಲವೂ ಒಂದೇ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಒಂದು ಬಾಣಂತನ. 2011ರಲ್ಲಿ ಮಗಳ ಹೆರಿಗೆಗೆಂದು ನೆದರ್‌ಲ್ಯಾಂಡ್ಸ್ ದೇಶದ ಡೆಲ್ಫ್ಟ್ ಎಂಬ ಊರಿಗೆ ಹೋಗಿದ್ದೆ. ನಾವು ಶಾಲೆಯಲ್ಲಿ ಹಾಲೆಂಡ್ ಎಂದು ಓದಿದ ದೇಶ. ನೀಲಿ ಚಿತ್ತಾರದ ಪಿಂಗಾಣಿಗೆ ಹೆಸರಾದ ಹಳೆಯ ಊರು, ನಡುನಡುವೆ ಕಾಲುವೆಗಳು. ಅಂಟಿನುಂಡೆಯ ಡಬ್ಬಿ, ಓಮದ ಪುಡಿ, ಕಾಚಿನ ಕಷಾಯದ ಸಾಮಾನು ಹೊತ್ತು ಇಳಿದವಳು ಮರುದಿನವೇ ಒಂದು ಬೈಗುಳ ತಿಂದೆ. ರಸ್ತೆಯ ಅಂಚಿನಲ್ಲಿ ಕೆಂಪು ಡಾಂಬರಿನ ಅಂದವಾದ ದಾರಿ ಕಂಡಿತು. ಕಾಲುದಾರಿ ಇರಬೇಕೆಂದು ಸೀರೆಯ ನೆರಿಗೆ ಎತ್ತಿ ಹಿಡಿದು ಅದರ ಮೇಲೆ ನಡೆದೆ. ಹಿಂದಿನಿಂದ ಗಂಟೆಯೋ ಗಂಟೆ! ತಿರುಗಿದರೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು, ಸೈಕಲ್ ಬುಟ್ಟಿಯಲ್ಲಿ ಕೋಸುಗಡ್ಡೆ, ಮುಖದಲ್ಲಿ ಕೋಪ. ಅದು ಸೈಕಲ್ಲುಗಳ ದಾರಿ. ನಾನು ಅಲ್ಲಿ ಕಾಲಿಟ್ಟದ್ದು, ನಮ್ಮಲ್ಲಿ ಯಾರೋ ರೈಲು ಹಳಿಯ ಮೇಲೆ ವಾಕಿಂಗ್ ಹೊರಟ ಹಾಗೆ.

ಆ ಅಜ್ಜಿ ಮಗಳ ಮನೆಯಿಂದ ಮೂರನೆಯ ಮನೆಯವಳೇ ಎಂದು ಆಮೇಲೆ ತಿಳಿಯಿತು. ಕೋಪ ಇಳಿದ ಮೇಲೆ ಸ್ನೇಹವೂ ಆಯಿತು. ಅವಳಿಗೂ ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ದರಿಂದ ಇಬ್ಬರಿಗೂ ಸಂಕೋಚವಿರಲಿಲ್ಲ. ಒಂದು ಬೆಳಿಗ್ಗೆ ಕಿಟಕಿಯ ಬಳಿ ಕಾಫಿ ಕುಡಿಯುತ್ತಾ ನಾನು ಹೊರಗೆ ನೋಡುತ್ತಿದ್ದೆ. ತಾಯಂದಿರು ಮುಂದಿನ ಪೆಟ್ಟಿಗೆಯಲ್ಲಿ ಎರಡೆರಡು ಮಕ್ಕಳನ್ನು ಕೂರಿಸಿಕೊಂಡು ತುಳಿಯುತ್ತಿದ್ದರು, ಎಂಟು-ಹತ್ತು ವರ್ಷದ ಪುಟಾಣಿಗಳು ತಾವೇ ಸಾಲಾಗಿ ಶಾಲೆಗೆ ಹೋಗುತ್ತಿದ್ದರು. "ನಿಮ್ಮದು ಪುಣ್ಯದ ದೇಶ. ಹುಟ್ಟಿನಿಂದಲೇ ಹೀಗೆ" ಎಂದೆ. ಅವಳು ಬಟ್ಟಲು ಕೆಳಗಿಟ್ಟಳು. "ಹುಟ್ಟಿನಿಂದಲೇ? ಇದಕ್ಕಾಗಿ ನಾನು ರಸ್ತೆಯ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದೆ" ಎಂದಳು.

ಅವಳು ಹೇಳಿದ್ದನ್ನೂ, ಊರಿಗೆ ಬಂದ ಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಸೈಕಲ್ಲಿಗೆ ಬೇರೆ ದಾರಿ ಎಂಬುದು ಹಳೆಯ ಯೋಚನೆಯೇ. ಎರಡು ಸಮನಾದ ಚಕ್ರ, ಹಿಂದಿನ ಚಕ್ರಕ್ಕೆ ಚೈನು ಇರುವ ಇಂದಿನ ಮಾದರಿಯ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಂದದ್ದು 1885ರಲ್ಲಿ. ಅದೇ ವರ್ಷ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ಊರಿನಲ್ಲಿ, ಮಾಲಿಬಾನ್ ಎಂಬ ಸಾಲುಮರದ ರಸ್ತೆಯಲ್ಲಿ, ಆ ದೇಶದ ಮೊದಲ ಸೈಕಲ್ ದಾರಿ ಆಯಿತು. ಅದು ಉಳ್ಳವರ ಮೋಜಿಗೆ ಆದದ್ದು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರು ತಂದ ಮೇಲೆ ಸೈಕಲ್ ಸವಾರಿ ಹಗುರವಾಯಿತು, ಬರಬರುತ್ತಾ ಅಗ್ಗವೂ ಆಯಿತು. ಹೆಂಗಸರೂ ಹತ್ತಿದರು. ಅಮೆರಿಕದಲ್ಲಿ ಸ್ತ್ರೀಯರ ಮತದಾನದ ಹಕ್ಕಿಗೆ ದುಡಿದ ಸೂಸನ್ ಆಂಥೊನಿ 1896ರಲ್ಲಿ, ಹೆಣ್ಣಿನ ಬಿಡುಗಡೆಗೆ ಸೈಕಲ್ಲಿನಷ್ಟು ನೆರವಾದದ್ದು ಇನ್ನೊಂದಿಲ್ಲ ಎಂಬ ಅರ್ಥದ ಮಾತಾಡಿದ್ದರು.

ಮೋಟಾರು ಬಂದ ಮೇಲೆ ಸೈಕಲ್ ದಾರಿಯ ಅರ್ಥವೇ ಬದಲಾಯಿತು. 1934ರಲ್ಲಿ ಜರ್ಮನಿಯ ಸಂಚಾರ ನಿಯಮವು, ಸೈಕಲ್ ದಾರಿ ಇದ್ದ ಕಡೆ ಸೈಕಲ್ಲಿನವರು ಅದರಲ್ಲೇ ಹೋಗಬೇಕೆಂದು ವಿಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂದಲ್ಲಿ ಒಂದು ಸೈಕಲ್ ದಾರಿ ಉದ್ಘಾಟನೆಯಾಯಿತು. ಅದನ್ನು ವಿರೋಧಿಸಿದವರು ಯಾರು ಬಲ್ಲಿರಾ? ಸೈಕಲ್ ಸವಾರರ ಸಂಘದವರೇ! ನಮ್ಮನ್ನು ಅಂಚಿಗೆ ತಳ್ಳಿ ರಸ್ತೆಯನ್ನು ಕಾರಿನವರಿಗೆ ಬಿಟ್ಟುಕೊಡುವ ಉಪಾಯ ಇದು ಎಂದು ಅವರಿಗೆ ಸಂಶಯ. ಸಂಶಯಕ್ಕೆ ಕಾರಣವಿತ್ತು. ನೆದರ್‌ಲ್ಯಾಂಡ್ಸಿನಲ್ಲಂತೂ 1924ರಿಂದ ಸೈಕಲ್ಲಿಗೆ ತೆರಿಗೆಯಿತ್ತು. ಅದಕ್ಕೂ ನಮ್ಮ ಹಾಗೆಯೇ ಲೋಹದ ಬಿಲ್ಲೆ. ತೆರಿಗೆ ಕಟ್ಟಲಾರದ ಬಡವರಿಗೆ ಬಿಲ್ಲೆ ಉಚಿತ, ಆದರೆ ನಡುವೆ ಒಂದು ತೂತು ಕೊರೆದು ಕೊಡುತ್ತಿದ್ದರು. ಇವನು ಬಡವ ಎಂದು ದೂರದಿಂದಲೇ ತಿಳಿಯಬೇಕಲ್ಲ! ಆ ತೆರಿಗೆಯ ಹಣ ರಸ್ತೆಗಳ ನಿಧಿಗೆ ಹೋಗಿ, ಮೋಟಾರು ಓಡುವ ರಸ್ತೆಗಳಾದವು. ಈ ತೆರಿಗೆ ನಿಂತದ್ದು 1941ರಲ್ಲಿ. ಸೈಕಲ್ ತುಳಿಯುವವನು ದುಡ್ಡು ಕೊಟ್ಟ, ಕಾರಿನವನು ರಸ್ತೆ ಪಡೆದ. ನನ್ನಣ್ಣನ ಬಿಲ್ಲೆಯ ನೆನಪಾಗಿ ನನಗೆ ನಗುವೂ ಬಂತು, ಸಿಟ್ಟೂ ಬಂತು.

ಎರಡನೆಯ ಮಹಾಯುದ್ಧ ಮುಗಿದು ಕೈಯಲ್ಲಿ ಕಾಸು ಓಡಾಡಿದ ಮೇಲೆ ಆ ದೇಶವೂ ನಾವು ಈಗ ಮಾಡುತ್ತಿರುವುದನ್ನೇ ಮಾಡಿತು. 1960ರಲ್ಲಿ ಸುಮಾರು 5 ಲಕ್ಷವಿದ್ದ ಕಾರುಗಳು 1970ರ ಹೊತ್ತಿಗೆ 20 ಲಕ್ಷವನ್ನೂ ಮೀರಿದವು. ಹಳೆಯ ಮನೆಗಳನ್ನು ಒಡೆದು ರಸ್ತೆ ಅಗಲಿಸಿದರು. ಊರ ನಡುವಿನ ಚೌಕಗಳು ಕಾರು ನಿಲ್ಲುವ ಜಾಗಗಳಾದವು. ಉಟ್ರೆಕ್ಟಿನಲ್ಲಿ ಊರು ಸುತ್ತುವ ಕಾಲುವೆಯ ಒಂದು ಭಾಗವನ್ನು ಬತ್ತಿಸಿ ಹೆದ್ದಾರಿಯನ್ನೇ ಮಾಡಿದರು. ನಮ್ಮಲ್ಲಿ ಕೆರೆ ಮುಚ್ಚಿ ಬಸ್ ನಿಲ್ದಾಣ ಮಾಡಿದ ಹಾಗೆ. ಸೈಕಲ್ಲಿನವರು ವರ್ಷ ವರ್ಷವೂ ಕಡಿಮೆಯಾದರು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳು ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತನ ಪುಟ್ಟ ಮಗಳು. ಶಾಲೆಯ ದಾರಿಯಲ್ಲಿ ಕಾರಿಗೆ ಸಿಕ್ಕಿದಳು. ಮಾರನೆಯ ವರ್ಷ, 1972ರಲ್ಲಿ, ಆ ತಂದೆ ತನ್ನ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಅರ್ಥದ ಮಾತು ಅದರ ತಲೆಬರಹದಲ್ಲಿತ್ತು. ಅಪಘಾತ ಎನ್ನಲಿಲ್ಲ, ವಿಧಿ ಎನ್ನಲಿಲ್ಲ, ಕೊಲೆ ಎಂದ. ಆ ಮಾತೇ ಒಂದು ಸಂಘಟನೆಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ಫಾನ್ ಪುಟೆನ್ ಎಂಬ ತರುಣಿ. ಮುಂದೆ ಆಕೆ ಯುರೋಪಿನ ಸಂಸತ್ತಿನ ಸದಸ್ಯೆಯೂ ಆದರು. ಊರೂರಿನ ತಾಯಿ-ತಂದೆಯರು ಸೇರಿದರು. ಮಕ್ಕಳು ಸತ್ತ ಜಾಗದಲ್ಲಿ ರಸ್ತೆ ತಡೆದರು, ಬೀದಿಗೆ ಅಡ್ಡಗಟ್ಟಿ ಮಕ್ಕಳನ್ನು ಆಡಲು ಬಿಟ್ಟರು, ಸೈಕಲ್ ಮೆರವಣಿಗೆ ಮಾಡಿದರು. ನನ್ನ ಡೆಲ್ಫ್ಟಿನ ಗೆಳತಿ ಅಡುಗೆಮನೆಯ ಕುರ್ಚಿ ಹೊತ್ತು ತಂದು ರಸ್ತೆಯಲ್ಲಿ ಕೂತದ್ದು ಆಗಲೇ. "ಗಂಡನಿಗೆ ಆ ದಿನ ಊಟವಿರಲಿಲ್ಲ. ಅವನೂ ಬಂದು ಪಕ್ಕದಲ್ಲಿ ಕೂತ" ಎಂದು ನಕ್ಕಳು. ನಗು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳ ಬೀದಿಯಲ್ಲೂ ಒಂದು ಮಗು ಹೋಗಿತ್ತು. ಯಾರ ಮಗು ಎಂದು ನಾನು ಕೇಳಲಿಲ್ಲ.

ಇದೇ ಹೊತ್ತಿಗೆ ಕಾಲವೂ ಅವರಿಗೆ ನೆರವಾಯಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ತಡೆದವು. ನವೆಂಬರ್ 4ರಿಂದ ಸುಮಾರು ಎರಡು ತಿಂಗಳು ಅಲ್ಲಿ ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದರು. ಹೆದ್ದಾರಿಗಳ ಮೇಲೆ ಮಕ್ಕಳು ಸ್ಕೇಟಿಂಗ್ ಮಾಡಿದರು, ಮುದುಕರು ಸೈಕಲ್ ತುಳಿದರು. ಬೀದಿ ಎಂದರೆ ಹೇಗಿತ್ತು ಎಂದು ಮರೆತಿದ್ದವರಿಗೆ ನೆನಪು ಬಂತು. 1975ರಲ್ಲಿ ಸೈಕಲ್ ಸವಾರರದೇ ಒಂದು ಸಂಘ ಹುಟ್ಟಿತು. ಅದೇ ವರ್ಷಗಳಲ್ಲಿ ಸರ್ಕಾರ ಹೇಗ್ ಮತ್ತು ಟಿಲ್‌ಬರ್ಗ್ ಊರುಗಳಲ್ಲಿ ಮಾದರಿ ಸೈಕಲ್ ದಾರಿಗಳನ್ನು ಮಾಡಲು ಹಣ ಕೊಟ್ಟಿತು.

ಎಲ್ಲರೂ ಹಾರ ಹಾಕಿ ಸ್ವಾಗತಿಸಿದರೆಂದು ತಿಳಿಯಬೇಡಿ. ಕಾರು ನಿಲ್ಲಲು ಜಾಗ ಹೋದರೆ ಗಿರಾಕಿ ಬರುವುದಿಲ್ಲವೆಂದು ಹೇಗ್‌ನ ಅಂಗಡಿಯವರು ಗಲಾಟೆ ಮಾಡಿದರು. ನಮ್ಮ ಪೇಟೆ ಬೀದಿಯ ಅಂಗಡಿಯವರು ಇಂದು ಆಡುವ ಮಾತೇ. ಇನ್ನೊಂದು ತೊಡಕೂ ಕಂಡಿತು. ಊರಿಗೆಲ್ಲ ಒಂದೇ ಒಂದು ಒಳ್ಳೆಯ ದಾರಿ ಮಾಡಿದರೆ, ಆಚೀಚೆ ಬೀದಿಗಳ ಸೈಕಲ್ಲಿನವರು ಅದಕ್ಕೆ ಬಂದು ಸೇರುತ್ತಾರೆ. ಹೊಸಬರು ಹೆಚ್ಚಾಗಿ ಸೈಕಲ್ ಹತ್ತುವುದಿಲ್ಲ. ಯಾಕೆಂದರೆ ಮನೆ ಬಾಗಿಲಿನಿಂದ ಆ ದಾರಿಯವರೆಗೆ ಹೋಗುವುದು ಹೇಗೆ? ಒಂದೇ ನೂಲಿನಿಂದ ಬಟ್ಟೆಯಾಗುವುದಿಲ್ಲ, ಹಾಸು ಬೇಕು, ಹೊಕ್ಕು ಬೇಕು. ಹಾಗೆಂದು ಎಂಬತ್ತರ ದಶಕದಲ್ಲಿ ಡೆಲ್ಫ್ಟ್ ಊರಿಗೆಲ್ಲ ಸೈಕಲ್ ದಾರಿಗಳ ಬಲೆಯನ್ನೇ ನೇಯ್ದರು. ಬೀದಿ ಬೀದಿಗೂ ಸಣ್ಣ ದಾರಿ, ಅವು ಸೇರುವ ದೊಡ್ಡ ದಾರಿ, ಕಾಲುವೆಗೆ ಸೇತುವೆ, ರೈಲು ಹಳಿಯ ಕೆಳಗೆ ಸುರಂಗ. ನಾನು ಗಂಟೆಯ ಬೈಗುಳ ತಿಂದ ಕೆಂಪು ದಾರಿಯೂ ಈ ನೇಯ್ಗೆಯ ಒಂದು ಎಳೆ.

2010ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತ ಮಕ್ಕಳ ಸಂಖ್ಯೆ 14. ನಾನೂರು ಎಲ್ಲಿ, ಹದಿನಾಲ್ಕು ಎಲ್ಲಿ! ಇದಕ್ಕೆ ಸೈಕಲ್ ದಾರಿಯೊಂದೇ ಕಾರಣವಲ್ಲ. ವಸತಿ ಬೀದಿಗಳಲ್ಲಿ ವೇಗಕ್ಕೆ ಕಡಿವಾಣ, ಸೀಟ್ ಬೆಲ್ಟ್, ಒಳ್ಳೆಯ ಆಸ್ಪತ್ರೆ ಎಲ್ಲವೂ ಸೇರಿವೆ. ಆದರೆ ಗಮನಿಸಿ, ಅಲ್ಲಿ ಇಂದು ಗಂಡಸರಿಗಿಂತ ಹೆಂಗಸರೇ ಹೆಚ್ಚು ಸೈಕಲ್ ತುಳಿಯುತ್ತಾರೆ. ದಾರಿ ಕ್ಷೇಮವಾದರೆ ಹೆಂಗಸರು ತಾವಾಗಿ ಬರುತ್ತಾರೆ. ಶಾಲೆ, ತರಕಾರಿ, ಬ್ಯಾಂಕು, ಔಷಧಿ ಅಂಗಡಿ ಎಂದು ನಮ್ಮ ಓಡಾಟವೆಲ್ಲ ಒಂದೆರಡು ಕಿಲೋಮೀಟರಿನ ಸಣ್ಣ ಸಣ್ಣ ತುಂಡು ತಾನೆ? ಅದಕ್ಕೆ ಹೇಳಿ ಮಾಡಿಸಿದ ವಾಹನ ಸೈಕಲ್. ಉಟ್ರೆಕ್ಟಿನಲ್ಲಿ ಹೆದ್ದಾರಿಯನ್ನು ಅಗೆದು ತೆಗೆದು 2020ರಲ್ಲಿ ಆ ಕಾಲುವೆಗೆ ಮತ್ತೆ ನೀರು ತುಂಬಿದರಂತೆ. ಮಗಳು ಫೋಟೊ ಕಳಿಸಿದ್ದಳು.

ಇನ್ನು ನಮ್ಮ ಕಡೆಯ ಮಾತು. ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಮಾಡಿದ್ದು ಊರೊಳಗೆ ಲಾರಿಗಳು ಬಾರದಿರಲಿ ಎಂದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ರಸ್ತೆ ಬಂದಲ್ಲಿಗೆ ಕಚೇರಿ ಬಂತು, ಕಚೇರಿ ಬಂದಲ್ಲಿಗೆ ಕಾರು ಬಂತು, ಕಾರಿಗೆಂದು ಮೇಲ್ಸೇತುವೆ ಬಂತು, ಮೇಲ್ಸೇತುವೆಗೆ ಇನ್ನಷ್ಟು ಕಾರು ಬಂತು. ಇಂದು ಆ ನಗರದಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿಯನ್ನು ಮೀರಿವೆ. ಅದೇ ರಸ್ತೆಯ ಬದಿಯಲ್ಲಿ 2020ರಲ್ಲಿ, ಕೋವಿಡ್ ಕಾಲದಲ್ಲಿ, ಸಿಲ್ಕ್ ಬೋರ್ಡಿನ ಕಡೆಯಿಂದ 17 ಕಿಲೋಮೀಟರ್ ಉದ್ದದ ಸೈಕಲ್ ದಾರಿಯೊಂದನ್ನು ಗುರುತಿಸಿ, ಸಣ್ಣ ಸಣ್ಣ ಕಂಬ ನೆಟ್ಟರು. ಕಂಬಗಳು ಮುರಿದವು, ಕೆಲವು ಕಾಣೆಯಾದವು, ದ್ವಿಚಕ್ರ ವಾಹನಗಳು ಒಳನುಗ್ಗಿದವು, ಮೆಟ್ರೊ ಕಾಮಗಾರಿ ಬಂತು, ದಾರಿ ಅಳಿಸಿಹೋಯಿತು. ಅದಕ್ಕೂ ಮುಂಚೆ ಜಯನಗರದಲ್ಲಿ ಬಳಿದ ಸೈಕಲ್ ಪಟ್ಟೆಗಳ ಮೇಲೆ ಕಾರುಗಳು ನಿಂತವು. ನಮ್ಮ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಮುದ್ದಾದ ಹೆಸರಿನಲ್ಲಿ 450 ಬಾಡಿಗೆ ಸೈಕಲ್ಲುಗಳು ಬಂದವು. ಸೈಕಲ್ ಬಂತು, ಸರ್ಕಲ್ ದಾಟುವ ದಾರಿ ಬರಲಿಲ್ಲ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿನ ಮುಖ ಕಂಡದ್ದು ಅದರಿಂದ. ಕೋವಿಡ್ ವರ್ಷಗಳಲ್ಲಿ ಅದೂ ನಿಂತಿತು.

ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ, ಶೀಲಾ ರಾಣಿ ಚುಂಕತ್ ಕಲೆಕ್ಟರ್ ಆಗಿದ್ದಾಗ, ಸಾಕ್ಷರತಾ ಆಂದೋಲನದ ಜೊತೆಗೇ ಸೈಕಲ್ ಕಲಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿಯ ಹೆಂಗಸರು ಕಲಿತರೆಂದು ಲೆಕ್ಕ. ನಮ್ಮ ಹೆಂಗಸರಿಗೆ ಧೈರ್ಯ ಸಾಲದು ಎನ್ನುವವರು ಇದನ್ನು ನೆನಪಿಡಬೇಕು. ಧೈರ್ಯಕ್ಕೆ ಕೊರತೆಯಿಲ್ಲ, ದಾರಿಗೆ ಕೊರತೆ.

ಇಷ್ಟೆಲ್ಲ ಓದಿ ನನಗೆ ತಿಳಿದದ್ದು ಇಷ್ಟು. ಜರ್ಮನಿಯಲ್ಲೂ ಲಂಡನ್ನಿನಲ್ಲೂ ಸೈಕಲ್ ದಾರಿ ಬಂದದ್ದು ಅಧಿಕಾರಿಗಳ ಯೋಚನೆಯಿಂದ, ರಸ್ತೆಯಿಂದ ಸೈಕಲ್ಲನ್ನು ತೊಲಗಿಸಲು. ನಮ್ಮಲ್ಲಿ ಬಂದದ್ದೂ ಮೇಲಿನಿಂದಲೇ, ಯೋಜನೆಯ ಹಣವಿತ್ತೆಂದು. ಆ ದಾರಿಯಲ್ಲಿ ನಮ್ಮ ಮಗು ಹೋಗಬೇಕೆಂದು ಹಟ ಹಿಡಿದ ಮನೆಯವರು ಹೆಚ್ಚಿರಲಿಲ್ಲ, ಆದ್ದರಿಂದ ಅದರ ಮೇಲೆ ಕಾರು ನಿಂತಾಗ ಕೇಳುವವರೂ ಹೆಚ್ಚಿರಲಿಲ್ಲ. ಕೇಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲವಂತೆ, ನಗರಸಭೆ ಕೊಟ್ಟೀತೇ? ನನ್ನ ಗೆಳತಿ ಮತ್ತು ಅವಳಂಥವರು ಕೇಳಿದರು. ಸೈಕಲ್ ಬೇಕೆಂದು ಕೇಳಲಿಲ್ಲ, ಪರಿಸರ ಉಳಿಸಿ ಎಂದೂ ಮೊದಲು ಕೇಳಲಿಲ್ಲ. ನಮ್ಮ ಮಗು ಶಾಲೆಗೆ ಹೋಗಿ ಜೀವಂತವಾಗಿ ಮನೆಗೆ ಬರಬೇಕು ಎಂದು ಕೇಳಿದರು. ಆ ಮಾತಿಗೆ ಇಲ್ಲವೆನ್ನುವ ನಾಲಿಗೆ ಯಾವ ಮಂತ್ರಿಗೂ ಸುಲಭವಾಗಿ ಹೊರಳುವುದಿಲ್ಲ. ರಸ್ತೆಯ ದಟ್ಟಣೆ ಇಳಿದದ್ದು ಅದರ ಹಿಂದೆ ಬಂದ ಫಲ. ಮಕ್ಕಳು ಸೈಕಲ್ ಹತ್ತಿದರೆ ಅವರನ್ನು ಬಿಡಲು ಬರುವ ಕಾರೇ ಬೇಡವಲ್ಲ!

ಹೋದ ತಿಂಗಳು ಮೊಮ್ಮಗಳ ಟ್ಯೂಷನ್ ಮನೆಯ ಗೇಟಿನ ಮುಂದೆ ನಿಂತಿದ್ದಾಗ, ಕಾಯುತ್ತಿದ್ದ ತಾಯಂದಿರನ್ನು ಸುಮ್ಮನೆ ಕೇಳಿದೆ. ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿಯ ಮನೆ ಎರಡು ಕಿಲೋಮೀಟರಿನೊಳಗೆ. ಒಂಬತ್ತು ಮನೆಯಲ್ಲಿ ಸೈಕಲ್ ಇದೆ. ಎಲ್ಲ ಸೈಕಲ್ಲುಗಳ ಮೇಲೂ ಬಟ್ಟೆಯೋ ಚೀಲವೋ ಇದೆ. "ಆ ಸರ್ಕಲ್ ಒಂದಿಲ್ಲದಿದ್ದರೆ ಕಳಿಸುತ್ತಿದ್ದೆ" ಎಂದು ಒಬ್ಬಳೆಂದಳು, ಉಳಿದವರು ತಲೆಯಾಡಿಸಿದರು. ಆ ಸರ್ಕಲ್ಲಿನಲ್ಲಿ ಸಂಜೆ ಐದರಿಂದ ಏಳರವರೆಗೆ ಮಕ್ಕಳು ದಾಟಲು ಒಂದು ಅಡ್ಡಪಟ್ಟೆ, ಒಂದು ಸಿಗ್ನಲ್, ಬದಿಯಲ್ಲಿ ಕಾರು ನಿಲ್ಲದ ಹಾಗೆ ಕಲ್ಲು ನೆಟ್ಟ ಆರಡಿ ದಾರಿ ಬೇಕೆಂದು ಒಂದು ಅರ್ಜಿ ಬರೆದಿದ್ದೇವೆ. ಇಪ್ಪತ್ತಮೂರು ಸಹಿ ಆಗಿದೆ, ಹೆಚ್ಚಿನವು ಹೆಂಗಸರದು. ಮೊದಲನೆಯದು ನನ್ನದು. ಕೊಟ್ಟು ಬಂದ ಮೇಲೆ ಏನೂ ಆಗಿಲ್ಲ. ಆಗುವವರೆಗೆ ತಿಂಗಳಿಗೊಮ್ಮೆ ಹೋಗಿ ಕೇಳುವುದೆಂದು ಗೊತ್ತುಮಾಡಿಕೊಂಡಿದ್ದೇವೆ.

ನಿನ್ನೆ ಮೆಟ್ಟಿಲ ಕೆಳಗೆ ಹೋಗಿ ಈರುಳ್ಳಿ ಚೀಲ ತೆಗೆದು ಬೇರೆ ಕಡೆ ಇಟ್ಟೆ. ಟೈರುಗಳು ನೆಲ ಕಚ್ಚಿದ್ದವು. "ಯಾಕಜ್ಜಿ?" ಎಂದಳು ಮೊಮ್ಮಗಳು. "ಗಾಳಿ ಹೊಡೆಸಿಕೊಂಡು ಬಾ. ಸದ್ಯಕ್ಕೆ ಪಾರ್ಕಿನ ಸುತ್ತವೇ ಸರಿ. ಕಾಲು ಮರೆಯಬಾರದು" ಎಂದೆ. ಅಡುಗೆಮನೆಯ ಮೂಲೆಯಲ್ಲಿ ಹಗುರವಾದ ಒಂದು ಪ್ಲಾಸ್ಟಿಕ್ ಕುರ್ಚಿಯಿದೆ. ಅದನ್ನು ಎತ್ತಲು ನನಗಿನ್ನೂ ಶಕ್ತಿಯಿದೆಯೇ ಎಂದು ಒಮ್ಮೆ ಎತ್ತಿ ನೋಡಿದೆ. ಇದೆ.